ಅಕ್ಟೋಬರ್ ಇಲ್ಲದ ವರ್ಷ

ಸೆಪ್ಟೆಂಬರ್ ಮೂವತ್ತರ ನಡುರಾತ್ರಿ
ಯಾವುದೋ ಕಂಪ್ಯೂಟರಿನೊಳಗೆ
ನನ್ನ ಹೆಸರಿನ ದೀಪ ಆರಿತು.
ಮಲಗಿದ್ದೆ, ಗೊತ್ತಾಗಲಿಲ್ಲ.
ಬೆಳಿಗ್ಗೆ ಎಂದಿನಂತೆ ಶಾಲೆಯ ಅಡುಗೆಮನೆಗೆ ಹೋಗಿ
ಮುನ್ನೂರು ಮಕ್ಕಳಿಗೆ ಜೋಳ ಬೇಯಿಸಿದೆ.
ಮಾಮೀ ನದಿಯ ಸೇತುವೆ ಮೇಲೆ ಬಸ್ಸು ಕೆಟ್ಟು ನಿಂತಾಗ
ಎಲ್ಲರ ಜೊತೆ ನಾನೂ ಬೈದೆ.
ಟೊಲೀಡೊ ಊರು ಇದ್ದ ಹಾಗೇ ಇತ್ತು.

ಆರನೇ ತಾರೀಕು ಹೊಟ್ಟೆಯ ಬಲಗಡೆ
ಯಾರೋ ಬೆರಳಿಟ್ಟು ಒತ್ತಿದರು.
ಸಂಜೆಗೆ ಬೆರಳು ಮುಷ್ಟಿಯಾಯಿತು.
ತಮ್ಮ ಲಾಯೋಶ್ ತನ್ನ ಪಿಕಪ್ಪಿನಲ್ಲಿ ಮುದುರಿ ಕೂರಿಸಿಕೊಂಡು ಹೊರಟ.
"ಕಾರ್ಡು ಇದೆ ತಾನೆ, ಇರ್ಮಾ?"
ಇದೆ ಅಂದೆ.
ಇತ್ತು, ಪರ್ಸಿನಲ್ಲೇ ಇತ್ತು,
ಬಾವಿ ಬತ್ತಿದ ಮೇಲೂ ರಾಟೆಯಲ್ಲಿ ಹಗ್ಗ ಇರುವ ಹಾಗೆ.

ನವೆಂಬರಿನಲ್ಲಿ ಬಿಲ್ಲು ಬಂತು,
ಹೆದೆಯೇರಿಸಿಕೊಂಡೇ ಬಂತು.
ನಲವತ್ತೊಂದು ಸಾವಿರದ ಮುನ್ನೂರ ಹದಿನೆಂಟು ಡಾಲರು.
ಕೋಣೆಗಿಷ್ಟು, ಕೊಯ್ದಿದ್ದಕ್ಕಿಷ್ಟು, ಹೊಲಿದಿದ್ದಕ್ಕಿಷ್ಟು,
ನಡುಗುತ್ತಿದ್ದಾಗ ನರ್ಸಮ್ಮ ಹೊದಿಸಿದ
ಬೆಚ್ಚನೆಯ ಹೊದಿಕೆಗೆ ಮೂವತ್ತೆಂಟು.
ಹೊದಿಸುವಾಗ ಆಕೆ "ಕಂದಾ" ಅಂದಿದ್ದಳು.
ಅದನ್ನು ಬರೆದಿರಲಿಲ್ಲ. ಮರೆತಿರಬೇಕು.

ಫೋನು ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಅಂತು.
ಎಷ್ಟು ಅಮೂಲ್ಯವೆಂದರೆ
ಐವತ್ತು ನಿಮಿಷ ಅದನ್ನು ಯಾರೂ ಮುಟ್ಟಲಿಲ್ಲ.

ಕೌಂಟಿ ಕಚೇರಿಯ ಗಾಜಿನಾಚೆ ಟ್ರೀವಾ ಆಲ್ಟ್,
ಕನ್ನಡಕ ಹಣೆಗೇರಿಸಿ ಪರದೆ ನೋಡಿದಳು.
"ಸೆಪ್ಟೆಂಬರಿನವರೆಗೂ ಇದ್ದಿರಿ.
ನವೆಂಬರಿನಿಂದ ಮತ್ತೆ ಸೇರಿಸಬಹುದು.
ಅಕ್ಟೋಬರಿನಲ್ಲಿ ನೀವು ಇಲ್ಲ."

ಹಾಗಾದರೆ ಮೇಜಿನ ಮೇಲೆ ಮಲಗಿದ್ದವಳು ಯಾರು?
ಕೇಳಬೇಕೆನಿಸಿತು. ಬೆನ್ನ ಹಿಂದೆ ಇಪ್ಪತ್ತು ಜನ,
ಅಂಗಿ ಎತ್ತಿ ಗಾಯ ತೋರಿಸುವ ಜಾಗವಲ್ಲ ಅದು.
ಮುಖದಲ್ಲೇ ಓದಿಕೊಂಡಳೋ ಏನೋ,
ಗಾಜಿನ ತೂತಿಗೆ ಬಾಯಿ ತಂದು, ದನಿ ತಗ್ಗಿಸಿ,
"ಕಳೆದ ಮೂರು ತಿಂಗಳಿಗೂ ಕೇಳಬಹುದು.
ನಾಲ್ಕನೇ ಪುಟ, ಕೆಳಗೆ, ಒಂದು ಸಣ್ಣ ಚೌಕ.
ಯಾರೂ ಅಷ್ಟು ಕೆಳಗೆ ಓದುವುದಿಲ್ಲ."

ಅಕ್ಟೋಬರಿನಲ್ಲೂ ಬಡವಳಾಗಿದ್ದೆನೆಂದು
ಈಗ ರುಜುವಾತು ಮಾಡಬೇಕು.
ಡ್ರಾಯರು ಸುರುವಿದೆ. ಸಂಬಳದ ಚೀಟಿ,
ಗ್ಯಾಸು ಕಡಿಯುತ್ತೇವೆಂಬ ನೋಟೀಸು,
ಹಂಗೇರಿಯಿಂದ ಅಜ್ಜಿ ಸೆರಗಿನಷ್ಟು ಜೋಪಾನವಾಗಿ ತಂದ ಬೆಳ್ಳಿ ಚಮಚಗಳ
ಗಿರವಿ ರಸೀದಿ.
ತಮ್ಮನಿಂದಲೂ ಬಚ್ಚಿಟ್ಟಿದ್ದನ್ನೆಲ್ಲ
ಅಡುಗೆ ಮೇಜಿನ ಮೇಲೆ ಹರಡಿ
ಪರೀಕ್ಷೆ ಪಾಸಾದ ಹುಡುಗಿಯಂತೆ ನೋಡಿದೆ.

ಹಳೆ ಮನೆಗೂ ಹೋಗಿಬಂದೆ, ಕಾನ್ಸಾಲ್ ಬೀದಿಗೆ.
ಬಾಡಿಗೆ ಏರಿಸಿದರೆಂದು ಜೂನಿನಲ್ಲಿ ಬಿಟ್ಟ ಮನೆ.
ಹೆಗಲ ಮೇಲೆ ಮಗು ಹೊತ್ತ ಹುಡುಗನೊಬ್ಬ
"ಸಾಬೊ ಅಂದರೆ ನೀವೇನಾ?" ಎಂದು ಬಿಸ್ಕತ್ತಿನ ಡಬ್ಬ ತಂದ.
ಬಂದ ಕಾಗದವೆಲ್ಲ ಅದರಲ್ಲಿ,
ಒಂದನ್ನೂ ಒಡೆದಿರಲಿಲ್ಲ, ಪುಣ್ಯಾತ್ಮ.
ಆಗಸ್ಟಿನ ಲಕೋಟೆ, ಮೇಲೆ ಕೆಂಪಕ್ಷರದಲ್ಲಿ ತುರ್ತು.
ಮೆಟ್ಟಿಲ ಮೇಲೆ ಕೂತು ಒಡೆದೆ.
ಮೂವತ್ತು ದಿನದೊಳಗೆ ಉತ್ತರಿಸಬೇಕಾಗಿದ್ದದ್ದು
ಒಂದೇ ಪ್ರಶ್ನೆಗೆ:
ನೀವು ಈಗಲೂ ಇದೇ ವಿಳಾಸದಲ್ಲಿ ಇದ್ದೀರಾ?

ನಕ್ಕೆ. ಹೊಲಿಗೆ ಎಳೆಯಿತು.
ಮಗು ಹೆದರಿ ಅತ್ತಿತು.

ಫೆಬ್ರವರಿಯಲ್ಲಿ, ಹಿಮ ಮೊಣಕಾಲುದ್ದ ಬಿದ್ದ ದಿನ,
ತೆಳ್ಳನೆಯ ಪತ್ರ. ಬಾಕಿ:
ಮೂರು ಸೊನ್ನೆ, ಒಂದು ಚುಕ್ಕೆ.
ಅಕ್ಟೋಬರನ್ನು ನನಗೆ ಹಿಂದಿರುಗಿಸಿದ್ದರು,
ಮೂವತ್ತೊಂದು ದಿನವೂ ಸರಿಯಾಗಿ, ಚಿಲ್ಲರೆ ಸಮೇತ.

ನಿದ್ದೆ ಬರಿಸಿದವರು ಮಾತ್ರ ಬೇರೆ ಕಂಪನಿಯವರಂತೆ.
ಆರುನೂರ ಹನ್ನೆರಡು. ಫ್ಯಾಕ್ಸು ಇನ್ನೂ ತಲುಪಿಲ್ಲವಂತೆ.
ಆ ಎರಡು ಗಂಟೆ ಇನ್ನೂ ತಕರಾರಿನಲ್ಲಿದೆ.
ಪ್ರತಿ ಬುಧವಾರ, ಮಕ್ಕಳ ಊಟ ಮುಗಿದ ಮೇಲೆ,
ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ
ದೊಡ್ಡ ಪಾತ್ರೆ ತಿಕ್ಕುತ್ತೇನೆ.
ಈ ಸಲ ಸಂಗೀತ ಬದಲಾಯಿಸಿದ್ದಾರೆ.
ಕೊಳಲು. ಪರವಾಗಿಲ್ಲ, ಚೆನ್ನಾಗಿದೆ.